ಸ್ಪ್ರಿಂಗ್ ಉಕ್ಕಿಗೆ ಹದ ಬರುವುದು ಎರಡನೇ ಬಿಸಿಯಲ್ಲಿ

ಒಂದೇ ಉಕ್ಕಿನ ಹಾಳೆಯಿಂದ ಕತ್ತರಿಸಿದ ಎರಡು ಪಟ್ಟಿಗಳಿವೆ ಅಂದುಕೊಳ್ಳಿ. ಉದ್ದ, ಅಗಲ, ದಪ್ಪ ಎಲ್ಲ ಒಂದೇ. ಒಂದು ಮೆತ್ತಗಿನದು, ಕಾರ್ಖಾನೆಯಿಂದ ಬಂದ ಹಾಗೇ ಇದೆ. ಇನ್ನೊಂದನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಬಿಸಿ ಮಾಡಿ ಸ್ಪ್ರಿಂಗ್ ಆಗಿಸಿದ್ದಾರೆ. ಎರಡರದ್ದೂ ಒಂದು ತುದಿಯನ್ನು ವೈಸ್‌ನಲ್ಲಿ ಬಿಗಿದು, ಇನ್ನೊಂದು ತುದಿಗೆ ಒಂದೇ ತೂಕದ ಸಣ್ಣ ಕಲ್ಲು ನೇತುಹಾಕಿ. ಯಾವುದು ಜಾಸ್ತಿ ಬಾಗುತ್ತದೆ?

ಮೆತ್ತಗಿನದೇ ಜಾಸ್ತಿ ಬಾಗುತ್ತದೆ ಎಂದು ಹೆಚ್ಚಿನವರು ಹೇಳುತ್ತಾರೆ. ನಿಜವಾಗಿ ಎರಡೂ ಒಂದೇ ಸಮ ಬಾಗುತ್ತವೆ. ಅಳೆದು ನೋಡಿದರೂ ವ್ಯತ್ಯಾಸ ಕಾಣುವುದಿಲ್ಲ.

ಇದನ್ನು ಮೊದಲೇ ಹೇಳಿಬಿಡಬೇಕು. ಸ್ಪ್ರಿಂಗ್ ವಿಷಯದಲ್ಲಿ ಆಗುವ ಅರ್ಧ ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ. ಒಂದು ವಸ್ತು ಎಷ್ಟು ಬಿಗಿ ಅನ್ನುವುದನ್ನು ತೀರ್ಮಾನಿಸುವುದು ಕಬ್ಬಿಣದ ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡಿರುವ ಎಳೆತ. ಆ ಎಳೆತ ಕಾಯಿಸಿ ತಣಿಸಿದರೆ ಬದಲಾಗುವುದಿಲ್ಲ. ಯಾವ ಉಕ್ಕನ್ನೇ ತಗೊಳ್ಳಿ, ಅದರ ಸ್ಥಿತಿಸ್ಥಾಪಕತೆಯ ಅಂಕ ಸುಮಾರು 200ರಿಂದ 210 ಗಿಗಾಪಾಸ್ಕಲ್. ಹಾಗಾಗಿ ನಿಮ್ಮ ಪಟ್ಟಿ ಭಾರಕ್ಕೆ ತೀರಾ ಬಾಗುತ್ತಿದೆ ಅನಿಸಿದರೆ ಅದಕ್ಕೆ ಮದ್ದು ಕುಲುಮೆಯಲ್ಲಿಲ್ಲ, ದಪ್ಪದಲ್ಲಿದೆ. ಪಟ್ಟಿಯ ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟಾಗುತ್ತದೆ. ಸುರುಳಿ ಸ್ಪ್ರಿಂಗ್‌ನಲ್ಲಿ ಸುರುಳಿಯ ಅಗಲ ಹಾಗೇ ಇದ್ದು ತಂತಿ ಮಾತ್ರ ಎರಡು ಪಟ್ಟು ದಪ್ಪವಾದರೆ ಹದಿನಾರು ಪಟ್ಟು.

ಹಾಗಾದರೆ ಇಷ್ಟೆಲ್ಲ ಕಾಯಿಸಿ, ಅದ್ದಿ, ಮತ್ತೆ ಕಾಯಿಸುವುದು ಯಾಕೆ? ಈಗ ಕಲ್ಲಿನ ತೂಕವನ್ನು ಏರಿಸುತ್ತಾ ಹೋಗಿ. ಮೆತ್ತಗಿನ ಪಟ್ಟಿ ಸ್ವಲ್ಪ ಹೊತ್ತಿಗೇ ಸೋಲುತ್ತದೆ. ಕಲ್ಲು ತೆಗೆದರೂ ಬಾಗಿದಂತೆಯೇ ಉಳಿಯುತ್ತದೆ. ಸ್ಪ್ರಿಂಗ್ ಪಟ್ಟಿ ಅದಕ್ಕಿಂತ ಐದು ಪಟ್ಟು ದೂರ ಹೋಗಿಯೂ ಕಲ್ಲು ತೆಗೆದೊಡನೆ ನೆಟ್ಟಗಾಗುತ್ತದೆ. ನಾವು ಕೊಂಡುಕೊಳ್ಳುತ್ತಿರುವುದು ಆ ಮರಳಿ ಬರುವ ದೂರವನ್ನು.

ಅಂಕಿಗಳಲ್ಲಿ ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಗಾಡಿಗಳ ಪಟ್ಟಿ ಸ್ಪ್ರಿಂಗ್‌ಗೆ ತುಂಬಾ ಬಳಸುವ ಎಸ್‌ಎಇ 5160 ಅನ್ನುವ ಉಕ್ಕಿದೆ (ಎಸ್‌ಎಇ ಅಂದರೆ ಉಕ್ಕುಗಳಿಗೆ ಇಂಥ ನಂಬರ್ ಕೊಡುವ ಅಮೆರಿಕದ ಎಂಜಿನಿಯರುಗಳ ಸಂಸ್ಥೆ). ಅದರಲ್ಲಿ ಸುಮಾರು 0.6% ಕಾರ್ಬನ್, ಜೊತೆಗೆ ಸ್ವಲ್ಪ ಮ್ಯಾಂಗನೀಸ್ ಮತ್ತು ಕ್ರೋಮಿಯಂ ಇರುತ್ತದೆ. ಮೆತ್ತಗೆ ಮಾಡಿದ ಸ್ಥಿತಿಯಲ್ಲಿ ಅದು ಸುಮಾರು 275 ಮೆಗಾಪಾಸ್ಕಲ್ ಒತ್ತಡಕ್ಕೆ ಶಾಶ್ವತವಾಗಿ ಬಾಗಲು ಶುರು ಮಾಡುತ್ತದೆ. ಎಣ್ಣೆಯಲ್ಲಿ ತಣಿಸಿ 425 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದ ಮಾಡಿದರೆ ಆ ಮಿತಿ ಸುಮಾರು 1460ಕ್ಕೆ ಏರುತ್ತದೆ. ಅಂದರೆ ಐದು ಪಟ್ಟಿಗೂ ಜಾಸ್ತಿ. ಆದರೆ ಸ್ಪ್ರಿಂಗ್ ತುಂಬಿಟ್ಟುಕೊಳ್ಳುವ ಶಕ್ತಿ ಈ ಮಿತಿಯ ವರ್ಗದಂತೆ ಏರುತ್ತದೆ, ಅಂದರೆ ಮಿತಿ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಹಾಗಾಗಿ ಅದೇ ತೂಕದ ಉಕ್ಕು ಈಗ ಸುಮಾರು 28 ಪಟ್ಟು ಶಕ್ತಿಯನ್ನು ನುಂಗಿ ವಾಪಸ್ ಕೊಡಬಲ್ಲದು. ಒಂದು ಗ್ರಾಂ ಲೋಹವನ್ನೂ ಸೇರಿಸದೆ ಬರೀ ಬಿಸಿ ಮತ್ತು ತಂಪಿನಿಂದ ಸಿಕ್ಕ ಲಾಭ ಇದು. ನನಗೆ ಈ ಲೆಕ್ಕ ಈಗಲೂ ಸೋಜಿಗವೇ.

ಉಕ್ಕಿನ ಒಳಗೆ ನಡೆಯುವುದೇನು?

ತಣ್ಣಗಿರುವಾಗ ಕಬ್ಬಿಣದ ಪರಮಾಣುಗಳು ಒಂದು ರೀತಿಯ ಚೌಕಟ್ಟಿನಲ್ಲಿ ಕೂತಿರುತ್ತವೆ. ಅದರ ಸಂದುಗಳು ತೀರಾ ಇಕ್ಕಟ್ಟು. ಕಾರ್ಬನ್‌ಗೆ ಅಲ್ಲಿ ಹೆಚ್ಚುಕಡಿಮೆ ಜಾಗವೇ ಇಲ್ಲ. 727 ಡಿಗ್ರಿಯಲ್ಲೂ ಅದು ಹಿಡಿಯುವುದು ಬರೀ 0.02%. ಅದಕ್ಕಿಂತ ಮೇಲೆ ಕಾಯಿಸಿದಾಗ ಪರಮಾಣುಗಳು ಬೇರೆ ರೀತಿಯಲ್ಲಿ ಜೋಡಣೆಯಾಗುತ್ತವೆ. ಈ ಹೊಸ ಜೋಡಣೆಯ ಹೆಸರು ಆಸ್ಟೆನೈಟ್. ಇದರ ಸಂದುಗಳು ದೊಡ್ಡವು. ನಮ್ಮ 0.6% ಕಾರ್ಬನ್ ಅಷ್ಟೂ ನೀರಿನಲ್ಲಿ ಉಪ್ಪು ಕರಗಿದಂತೆ ಇದರೊಳಗೆ ಕರಗಿಹೋಗುತ್ತದೆ.

ಈಗ ನಿಧಾನವಾಗಿ ತಣಿಸಿದರೆ ಕಾರ್ಬನ್‌ಗೆ ಹೊರಗೆ ಬರಲು ಬೇಕಾದಷ್ಟು ಸಮಯ ಸಿಗುತ್ತದೆ. ಅದು ಕಬ್ಬಿಣದ ಜೊತೆ ಸೇರಿ ಸಿಮೆಂಟೈಟ್ ಅನ್ನುವ ಗಟ್ಟಿ ಪದಾರ್ಥವಾಗಿ, ಮೆತ್ತಗಿನ ಕಬ್ಬಿಣದ ನಡುವೆ ತೆಳ್ಳಗಿನ ಪದರಗಳಾಗಿ ಕೂರುತ್ತದೆ. ಉಜ್ಜಿ ನಯ ಮಾಡಿ ನೋಡಿದರೆ ಮುತ್ತಿನ ಚಿಪ್ಪಿನ ಹೊಳಪು ಕಾಣುವುದರಿಂದ ಇದಕ್ಕೆ ಪರ್ಲೈಟ್ ಅನ್ನುತ್ತಾರೆ. ಇದು ಬಾಗುತ್ತದೆ, ಕೊರೆಯಬಹುದು, ಅರ ಹಾಕಬಹುದು.

ಥಟ್ಟನೆ ತಣಿಸಿದರೆ ಕಥೆ ಬೇರೆ. ಕಾರ್ಬನ್ ಹೊರಗೆ ಬರುವ ಮೊದಲೇ ಕಬ್ಬಿಣದ ಚೌಕಟ್ಟು ಹಳೆಯ ಇಕ್ಕಟ್ಟಿನ ಜೋಡಣೆಗೆ ಮರಳಲು ಹೋಗುತ್ತದೆ. ಆದರೆ ಒಳಗೆ ಕಾರ್ಬನ್ ಸಿಕ್ಕಿಹಾಕಿಕೊಂಡಿದೆ. ಚೌಕಟ್ಟು ಒಂದು ಕಡೆಗೆ ಜಗ್ಗಿ ಸೊಟ್ಟಗಾಗುತ್ತದೆ. ಈ ಸೊಟ್ಟ ಜೋಡಣೆಯೇ ಮಾರ್ಟೆನ್ಸೈಟ್. ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಅವರ ನೆನಪಿಗೆ ಇಟ್ಟ ಹೆಸರು. ಆಸ್ಟೆನೈಟ್ ಹೆಸರು ಬಂದದ್ದು ಇಂಗ್ಲೆಂಡಿನ ವಿಲಿಯಂ ರಾಬರ್ಟ್ಸ್-ಆಸ್ಟೆನ್ ಅವರಿಂದ.

ಲೋಹ ಬಾಗುವುದು ಅಂದರೆ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರುವುದು. ಮಾರ್ಟೆನ್ಸೈಟ್‌ನಲ್ಲಿ ಚೌಕಟ್ಟೇ ಸೊಟ್ಟಗಾಗಿರುವುದರಿಂದ ಜಾರುವ ದಾರಿಗಳೆಲ್ಲ ಮುಚ್ಚಿಹೋಗಿರುತ್ತವೆ. ಅದಕ್ಕೇ ಅಷ್ಟು ಗಟ್ಟಿ. ಅದಕ್ಕೇ ಅಷ್ಟು ಪೆಡಸು ಕೂಡ. ಜಾರಲಾರದ ಲೋಹಕ್ಕೆ ಪೆಟ್ಟು ಬಿದ್ದರೆ ಉಳಿದಿರುವ ದಾರಿ ಒಂದೇ, ಸೀಳುವುದು. ಎಣ್ಣೆಯಿಂದ ತೆಗೆದ ಪಟ್ಟಿಯೊಂದು ನನ್ನ ಕೈ ಜಾರಿ ಕಾಂಕ್ರೀಟ್ ನೆಲಕ್ಕೆ ಬಿದ್ದು ಎರಡು ತುಂಡಾದದ್ದನ್ನು ನಾನು ಮರೆತಿಲ್ಲ. ಗಾಜಿನ ಹಾಗೆ ಸದ್ದು ಮಾಡಿ ಮುರಿಯಿತು.

ಮೊದಲ ಬಿಸಿ

5160 ಉಕ್ಕನ್ನು ಸುಮಾರು 830ರಿಂದ 860 ಡಿಗ್ರಿಗೆ ಕಾಯಿಸುತ್ತಾರೆ. ತಾಪಮಾನ ತೋರಿಸುವ ಕುಲುಮೆ ಇದ್ದರೆ ಕೆಲಸ ಸುಲಭ. ಇಲ್ಲದವರು ಅಯಸ್ಕಾಂತ ಹಿಡಿದು ನೋಡುತ್ತಾರೆ. ಕಬ್ಬಿಣ 770 ಡಿಗ್ರಿಯ ಆಸುಪಾಸಿನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಆದರೆ ಅಂಟುವುದು ನಿಂತ ತಕ್ಷಣ ಎಣ್ಣೆಗೆ ಹಾಕಿದರೆ ಅವಸರವಾಯಿತು. ಇನ್ನೂ ಒಂದು ಮೆಟ್ಟಿಲು ಮೇಲೆ ಹೋಗಿ, ಒಳಗಿನ ತನಕ ಒಂದೇ ಬಣ್ಣ ಬರುವಷ್ಟು ಹೊತ್ತು ಕಾಯಬೇಕು. ಬಣ್ಣ ನೋಡುವುದಾದರೆ ನೆರಳಿನಲ್ಲಿ ನೋಡಬೇಕು. ಬಿಸಿಲಿನಲ್ಲಿ ಕೆಂಪು ಮಂಕಾಗಿ ಕಾಣುವುದರಿಂದ ಗೊತ್ತಿಲ್ಲದೆ ಜಾಸ್ತಿ ಕಾಯಿಸಿಬಿಡುತ್ತೇವೆ.

ಜಾಸ್ತಿ ಕಾಯಿಸಿದರೆ ಏನು ನಷ್ಟ? ಆಸ್ಟೆನೈಟ್‌ನ ಹರಳುಗಳು ಒಂದನ್ನೊಂದು ನುಂಗಿ ದೊಡ್ಡದಾಗುತ್ತವೆ. ದೊಡ್ಡ ಹರಳಿನ ಉಕ್ಕು ಗಟ್ಟಿಯಾಗುತ್ತದೆ, ಆದರೆ ಪೆಟ್ಟು ತಾಳುವುದಿಲ್ಲ. ಮುರಿದು ನೋಡಿದರೆ ಒಳಗೆ ಸಕ್ಕರೆ ಹರಳಿನ ಹಾಗೆ ಮಿಂಚುತ್ತದೆ. ಸರಿಯಾಗಿ ಕಾಯಿಸಿದ ಉಕ್ಕು ಮುರಿದಾಗ ಬೂದು ಬಣ್ಣದ ಮಕಮಲ್ ಬಟ್ಟೆಯ ಹಾಗೆ ಕಾಣುತ್ತದೆ. ಬಲವನ್ನೂ ಜಗ್ಗುವ ಗುಣವನ್ನೂ ಒಟ್ಟಿಗೇ ಹೆಚ್ಚಿಸುವ ದಾರಿ ಉಕ್ಕಿನಲ್ಲಿ ಬಹಳ ಅಪರೂಪ. ಹರಳನ್ನು ಸಣ್ಣದಾಗಿ ಇಟ್ಟುಕೊಳ್ಳುವುದು ಅಂಥದ್ದೊಂದು ದಾರಿ. ಸುತ್ತಿಗೆಯಲ್ಲಿ ಬಡಿದು ರೂಪ ಕೊಟ್ಟ ತುಂಡನ್ನು ಎಣ್ಣೆಗೆ ಹಾಕುವ ಮೊದಲು, ಒಂದೆರಡು ಸಲ ಕಾಯಿಸಿ ಗಾಳಿಯಲ್ಲಿ ಆರಲು ಬಿಡುವುದು ಇದೇ ಕಾರಣಕ್ಕೆ.

ಎಣ್ಣೆಯೊಳಗಿನ ಕೆಲವು ಸೆಕೆಂಡು

ನೀರು ಎಣ್ಣೆಗಿಂತ ಬೇಗ ತಣಿಸುತ್ತದೆ. ಹಾಗಿದ್ದರೆ ನೀರೇ ಒಳ್ಳೆಯದಲ್ವಾ? ಇಲ್ಲಿ ಎರಡು ಘಟ್ಟಗಳನ್ನು ಬೇರೆಬೇರೆಯಾಗಿ ನೋಡಬೇಕು. ಮೊದಲ ಘಟ್ಟ 700ರಿಂದ ಸುಮಾರು 500 ಡಿಗ್ರಿವರೆಗೆ. ಇಲ್ಲಿ ತಡ ಮಾಡಿದರೆ ಪರ್ಲೈಟ್ ಹುಟ್ಟಿಬಿಡುತ್ತದೆ, ಹಾಗಾಗಿ ಓಡಬೇಕು. ಎರಡನೇ ಘಟ್ಟ ಸುಮಾರು 250 ಡಿಗ್ರಿಯಿಂದ ಕೆಳಗೆ, ಮಾರ್ಟೆನ್ಸೈಟ್ ಹುಟ್ಟುವ ಜಾಗ. ಮಾರ್ಟೆನ್ಸೈಟ್ ಆಗುವಾಗ ಉಕ್ಕು ಸುಮಾರು 4% ಉಬ್ಬುತ್ತದೆ. ಹೊರಗೆ ಮೊದಲು ಉಬ್ಬಿ ಗಟ್ಟಿಯಾಗಿ, ಆಮೇಲೆ ಒಳಗೆ ಉಬ್ಬಿದರೆ ಹೊರಗಿನ ಪದರ ಬಿರಿಯುತ್ತದೆ. ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗಬೇಕು. ನೀರು ಈ ಎರಡನೇ ಘಟ್ಟದಲ್ಲೂ ಓಡುತ್ತದೆ. ಎಣ್ಣೆ ಅಲ್ಲಿ ತಾನಾಗಿಯೇ ನಿಧಾನವಾಗುತ್ತದೆ.

ಎಣ್ಣೆಯ ವೇಗ ಮೊದಲ ಘಟ್ಟಕ್ಕೆ ಸಾಲುವಂತೆ ಮಾಡುವುದು ಉಕ್ಕಿನಲ್ಲಿರುವ ಮ್ಯಾಂಗನೀಸ್ ಮತ್ತು ಕ್ರೋಮಿಯಂ. ಅವು ಪರ್ಲೈಟ್ ಹುಟ್ಟುವುದನ್ನು ತಡ ಮಾಡಿ ನಮಗೆ ಇನ್ನಷ್ಟು ಸೆಕೆಂಡುಗಳ ಸಾಲ ಕೊಡುತ್ತವೆ. ಬರೀ ಕಾರ್ಬನ್ ಇರುವ ಉಕ್ಕಿನಲ್ಲಿ ಆ ಸಾಲ ಸಿಗುವುದಿಲ್ಲ. ಅದರ ತೆಳು ಪಟ್ಟಿ ಎಣ್ಣೆಯಲ್ಲಿ ಪೂರ್ತಿ ಗಟ್ಟಿಯಾಗುತ್ತದೆ, ದಪ್ಪ ಪಟ್ಟಿಯ ಒಳಭಾಗ ಮೆತ್ತಗೆ ಉಳಿಯುತ್ತದೆ. ದಪ್ಪ ಸ್ಪ್ರಿಂಗ್‌ಗಳಿಗೆ ಮಿಶ್ರಲೋಹದ ಉಕ್ಕು ಆರಿಸುವುದಕ್ಕೆ ಇದೇ ಕಾರಣ.

ಎಣ್ಣೆಯನ್ನು ಮೊದಲೇ 50ರಿಂದ 70 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳಿ. ವಿಚಿತ್ರ ಅನಿಸಬಹುದು, ಆದರೆ ಬೆಚ್ಚಗಿನ ಎಣ್ಣೆ ತೆಳ್ಳಗಾಗಿ ಚೆನ್ನಾಗಿ ಹರಿಯುವುದರಿಂದ ತಣ್ಣಗಿನ ಎಣ್ಣೆಗಿಂತ ಬೇಗ ಶಾಖ ಹೀರುತ್ತದೆ. ಕೆಂಪಗಿನ ಉಕ್ಕು ಮುಳುಗಿದ ತಕ್ಷಣ ಅದರ ಸುತ್ತ ಆವಿಯ ಪೊರೆ ಕಟ್ಟುತ್ತದೆ. ಆ ಪೊರೆ ಕಂಬಳಿ ಹೊದಿಸಿದ ಹಾಗೆ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಪಟ್ಟಿಯನ್ನು ಮೇಲೆ ಕೆಳಗೆ ಆಡಿಸಿದರೆ ಪೊರೆ ಹರಿಯುತ್ತದೆ. ಅಕ್ಕಪಕ್ಕಕ್ಕೆ ಆಡಿಸಬೇಡಿ, ಒಂದು ಮಗ್ಗುಲು ಬೇಗ ತಣಿದು ಪಟ್ಟಿ ಸೊಟ್ಟಗಾಗುತ್ತದೆ. ಎಣ್ಣೆಯ ಪಾತ್ರೆ ಲೋಹದ್ದೇ ಆಗಿರಲಿ, ಮುಚ್ಚಲು ಲೋಹದ ಮುಚ್ಚಳ ಕೈಗೆ ಸಿಗುವಂತಿರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಳ ಹಾಕಿ ಆರಿಸಬೇಕು, ನೀರು ಸುರಿಯಲೇಬಾರದು.

ತಣಿದ ಮೇಲೆ ಹಳೆಯ ಅರವೊಂದನ್ನು ಅಂಚಿನ ಮೇಲೆ ಎಳೆದು ನೋಡಿ. ಕಚ್ಚದೆ ಜಾರಿದರೆ ಗಟ್ಟಿಯಾಗಿದೆ ಎಂದರ್ಥ. ರಾಕ್‌ವೆಲ್ ಸಿ ಅಳತೆಯಲ್ಲಿ ಈಗ ಅದರ ಗಟ್ಟಿತನ 60ಕ್ಕಿಂತ ಮೇಲಿರುತ್ತದೆ. ನಾಳೆ ಹದ ಮಾಡೋಣ ಎಂದು ಮಾತ್ರ ಇಡಬೇಡಿ. ಒಳಗೆ ಸಿಕ್ಕಿಕೊಂಡ ಒತ್ತಡದಿಂದ ಸುಮ್ನೆ ಇಟ್ಟಲ್ಲೇ ಬಿರುಕು ಬಿಡುವುದುಂಟು. ಕೈಯಲ್ಲಿ ಹಿಡಿಯುವಷ್ಟು ಬಿಸಿಗೆ ಇಳಿದ ಕೂಡಲೇ ಮುಂದಿನ ಕೆಲಸಕ್ಕೆ ಹೋಗಬೇಕು.

ಎರಡನೇ ಬಿಸಿ

ಜನ ಎಣ್ಣೆಯಲ್ಲಿ ಅದ್ದುವುದನ್ನೇ ದೊಡ್ಡ ಕೆಲಸ ಅಂದುಕೊಳ್ಳುತ್ತಾರೆ. ಬೆಂಕಿ, ಹೊಗೆ, ಸದ್ದು ಎಲ್ಲ ಅಲ್ಲೇ ಇರುವುದರಿಂದ ಅದು ಸಹಜ. ಆದರೆ ಎಣ್ಣೆಯಿಂದ ಬಂದದ್ದು ಇನ್ನೂ ಸ್ಪ್ರಿಂಗ್ ಅಲ್ಲ. ಅದನ್ನು ಸ್ಪ್ರಿಂಗ್ ಮಾಡುವುದು ಟೆಂಪರಿಂಗ್. ಹದ ಅನ್ನುವ ನಮ್ಮ ಮಾತು ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ. ಅತಿಯಾದದ್ದನ್ನು ಬೇಕಾದಷ್ಟಕ್ಕೆ ಇಳಿಸಿ ನಿಲ್ಲಿಸುವುದು.

ಮತ್ತೆ ಬಿಸಿ ಮಾಡಿದಾಗ ಸಿಕ್ಕಿಹಾಕಿಕೊಂಡಿದ್ದ ಕಾರ್ಬನ್‌ಗೆ ಸ್ವಲ್ಪ ಸ್ವಲ್ಪ ಕದಲಲು ಶಕ್ತಿ ಬರುತ್ತದೆ. ಸುಮಾರು 200 ಡಿಗ್ರಿವರೆಗೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹೊರಬೀಳುತ್ತದೆ. ಒಳಗಿನ ಒತ್ತಡ ಕೊಂಚ ಇಳಿಯುತ್ತದೆ. ಇನ್ನೂ ಮೇಲೆ ಹೋದಂತೆ ಮಾರ್ಟೆನ್ಸೈಟ್ ಆಗದೆ ಉಳಿದಿದ್ದ ಅಷ್ಟಿಷ್ಟು ಆಸ್ಟೆನೈಟ್ ಒಡೆಯುತ್ತದೆ, ಸಿಮೆಂಟೈಟ್ ಹುಟ್ಟತೊಡಗುತ್ತದೆ. 400 ದಾಟಿದ ಮೇಲೆ ಈ ಸಿಮೆಂಟೈಟ್ ಕಣಗಳು ದುಂಡಗಾಗುತ್ತಾ ಬರುತ್ತವೆ. ಸೊಟ್ಟಗಾಗಿದ್ದ ಕಬ್ಬಿಣದ ಚೌಕಟ್ಟು ನೆಟ್ಟಗಾಗುತ್ತದೆ. ಈಗ ಸಾಲುಗಳು ಜಾರಬಲ್ಲವು, ಆದರೆ ಹೆಜ್ಜೆ ಹೆಜ್ಜೆಗೂ ಗಟ್ಟಿ ಕಣವೊಂದು ಅಡ್ಡ ಬರುತ್ತದೆ. ಬಲವೂ ಉಳಿಯಿತು, ಪೆಟ್ಟಿಗೆ ಜಗ್ಗುವ ಗುಣವೂ ಬಂತು.

ಅದೇ 5160 ಉಕ್ಕನ್ನು ತಗೊಳ್ಳೋಣ. 205 ಡಿಗ್ರಿಯಲ್ಲಿ ಹದ ಮಾಡಿದರೆ ಅದು ಸುಮಾರು 2220 ಮೆಗಾಪಾಸ್ಕಲ್ ಎಳೆತಕ್ಕೆ ಮುರಿಯುತ್ತದೆ. ಮುರಿಯುವ ಮುನ್ನ ಜಗ್ಗುವುದು ಬರೀ 4%. 425 ಡಿಗ್ರಿಯಲ್ಲಿ ಮಾಡಿದರೆ ಬಲ ಸುಮಾರು 1600ಕ್ಕೆ ಇಳಿದು, ಜಗ್ಗುವುದು 10% ಆಗುತ್ತದೆ. 540 ಡಿಗ್ರಿಯಲ್ಲಿ ಬಲ 1165ರ ಹತ್ತಿರಕ್ಕೆ ಬಂದರೂ ಜಗ್ಗುವುದು 12% ಅಷ್ಟೇ. ಇಲ್ಲಿ ಗಮನಿಸಿ. 205ರಿಂದ 425ಕ್ಕೆ ಹೋದಾಗ ಬಲದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟು ಜಗ್ಗುವ ಗುಣವನ್ನು ಎರಡೂವರೆ ಪಟ್ಟು ಮಾಡಿಕೊಂಡೆವು. 425ರಿಂದ 540ಕ್ಕೆ ಹೋದಾಗ ಮತ್ತೆ ಅಷ್ಟೇ ಪಾಲು ಬಲ ಕೊಟ್ಟು ಸಿಕ್ಕಿದ್ದು ಎರಡೇ ಅಂಶ. ಸ್ಪ್ರಿಂಗ್ ಮಾಡುವವರು 400ರಿಂದ 480 ಡಿಗ್ರಿಯ ಆಸುಪಾಸಿನಲ್ಲೇ ಓಡಾಡುವುದು ಸುಮ್ಮನೆ ಅಲ್ಲ. ಅಲ್ಲಿ ಸಿಗುವ ಗಟ್ಟಿತನ ರಾಕ್‌ವೆಲ್ ಸಿ ಅಳತೆಯಲ್ಲಿ 45ರ ಅಕ್ಕಪಕ್ಕ.

ನಡುವೆ ಒಂದು ಕೆಟ್ಟ ಜಾಗವಿದೆ, ಅದನ್ನು ಒತ್ತಿ ಹೇಳಬೇಕು. ಸುಮಾರು 250ರಿಂದ 370 ಡಿಗ್ರಿಯೊಳಗೆ ಹದ ಮಾಡಿದ ಉಕ್ಕಿನಲ್ಲಿ ಗಟ್ಟಿತನ ಇಳಿದಿರುತ್ತದೆ, ಆದರೆ ಪೆಟ್ಟು ತಾಳುವ ಗುಣ ಏರುವ ಬದಲು ಇಳಿಯುತ್ತದೆ. ಆ ಹಂತದಲ್ಲಿ ಸಿಮೆಂಟೈಟ್ ದುಂಡಗಿನ ಕಣಗಳಾಗದೆ, ಒಳಗಿನ ಹರಳುಗಳ ಅಂಚುಗಳ ಉದ್ದಕ್ಕೂ ತೆಳು ಪೊರೆಗಳಾಗಿ ಕೂರುತ್ತದೆ. ಬಿರುಕಿಗೆ ಅದು ಹಾಸಿಕೊಟ್ಟ ದಾರಿ. ನಿಧಾನವಾಗಿ ಎಳೆಯುವ ಪರೀಕ್ಷೆಯಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಥಟ್ಟನೆ ಬೀಳುವ ಪೆಟ್ಟಿನಲ್ಲಿ ಕಾಣುತ್ತದೆ. ಸ್ಪ್ರಿಂಗ್ ಉಕ್ಕುಗಳಲ್ಲಿ ಸಿಲಿಕಾನ್ ಸೇರಿಸುವುದಕ್ಕೆ ಇದೂ ಒಂದು ಕಾರಣ. ಎಸ್‌ಎಇ 9260 ಉಕ್ಕಿನಲ್ಲಿ ಸುಮಾರು 2% ಸಿಲಿಕಾನ್ ಇರುತ್ತದೆ. ಅದು ಸಿಮೆಂಟೈಟ್ ಹುಟ್ಟುವುದನ್ನು ತಡೆದು ಈ ಕೆಟ್ಟ ಜಾಗವನ್ನು ಮೇಲಿನ ತಾಪಮಾನಕ್ಕೆ ತಳ್ಳುತ್ತದೆ.

ಈಗ ಬಣ್ಣದ ವಿಷಯ. ಉಜ್ಜಿ ಹೊಳಪು ಮಾಡಿದ ಉಕ್ಕನ್ನು ಬಿಸಿ ಮಾಡಿದರೆ ಸುಮಾರು 220 ಡಿಗ್ರಿಗೆ ತಿಳಿ ಹಳದಿ, 260ಕ್ಕೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ ಬರುತ್ತದೆ. ಸ್ಪ್ರಿಂಗ್‌ಗೆ ನೀಲಿ ಬಂದರೆ ಸಾಕು ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಗಡಿಯಾರದ ಸ್ಪ್ರಿಂಗ್‌ನಂಥ ತೆಳು ಪಟ್ಟಿಗೆ ಆ ಮಾತು ನಡೆಯುತ್ತದೆ. ತೆಳು ಪಟ್ಟಿಗೆ ಪೆಟ್ಟಿನ ಭಯ ಕಡಿಮೆ. ಆದರೆ ದಪ್ಪ 5160 ಪಟ್ಟಿಯನ್ನು ನೀಲಿಗೆ ನಿಲ್ಲಿಸಿದರೆ ನೀವು ನಿಂತದ್ದು ಆ ಕೆಟ್ಟ ಜಾಗದ ನಡುಮಧ್ಯೆ. ಅಲ್ಲದೆ ಬಣ್ಣ ಅಂದರೆ ಮೇಲ್ಮೈಯ ಆಕ್ಸೈಡ್ ಪೊರೆಯ ದಪ್ಪ, ಅಷ್ಟೇ. ಕಡಿಮೆ ಬಿಸಿಯಲ್ಲಿ ಜಾಸ್ತಿ ಹೊತ್ತು ಇಟ್ಟರೂ ಅದೇ ಬಣ್ಣ ಬರುತ್ತದೆ. ಒಳಗಿನ ಹದವನ್ನು ಅದು ಹೇಳುವುದಿಲ್ಲ. ಹದಕ್ಕೆ ಥರ್ಮಾಮೀಟರ್ ಇರುವ ಓವನ್ ಬೇಕೇ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ಬಿಸಿಯಲ್ಲಿ ಹತ್ತು ಡಿಗ್ರಿ ಆಚೀಚೆ ಆದರೆ ನಡೆಯುತ್ತದೆ, ಎರಡನೆಯದರಲ್ಲಿ ಅಷ್ಟು ಸಡಿಲ ಬಿಡಬಾರದು.

ಎಷ್ಟು ಹೊತ್ತು ಇಡಬೇಕು? ಸಾಮಾನ್ಯವಾಗಿ ಒಂದು ಗಂಟೆ. ಸಮಯಕ್ಕೂ ತಾಪಮಾನಕ್ಕೂ ಇರುವ ನಂಟನ್ನು ಹಾಲೊಮನ್ ಮತ್ತು ಜಾಫಿ ಎಂಬ ಲೋಹ ಸಂಶೋಧಕರು 1945ರಲ್ಲಿ ಒಂದು ಸೂತ್ರದಲ್ಲಿ ಹಿಡಿದಿಟ್ಟರು. ಅದರ ಪ್ರಕಾರ ಲೆಕ್ಕ ಹಾಕಿದರೆ, 450 ಡಿಗ್ರಿಯಲ್ಲಿ ಒಂದು ಗಂಟೆಯಲ್ಲಿ ಬರುವ ಹದ 430 ಡಿಗ್ರಿಯಲ್ಲಿ ಬರಲು ಸುಮಾರು ನಾಲ್ಕು ಗಂಟೆ ಬೇಕು. ತಾಪಮಾನದಲ್ಲಿ ಇಪ್ಪತ್ತು ಡಿಗ್ರಿ ತಪ್ಪಿದರೆ ಅದು ದೊಡ್ಡ ತಪ್ಪು. ಹತ್ತು ನಿಮಿಷ ಜಾಸ್ತಿ ಆದರೆ ಏನೂ ಆಗುವುದಿಲ್ಲ.

ಬೇರೆ ದಾರಿಗಳು

ಎಲ್ಲ ಸ್ಪ್ರಿಂಗ್‌ಗಳೂ ಈ ದಾರಿಯಲ್ಲಿ ಬರುವುದಿಲ್ಲ. ತೆಳು ಕ್ಲಿಪ್, ವಾಷರ್‌ಗಳನ್ನು ಎಣ್ಣೆಯ ಬದಲು 300ರಿಂದ 400 ಡಿಗ್ರಿಯ ಕರಗಿದ ಉಪ್ಪಿನಲ್ಲಿ ಅದ್ದಿ ಅಲ್ಲೇ ಬಿಡುತ್ತಾರೆ. ಆಗ ಮಾರ್ಟೆನ್ಸೈಟ್ ಬದಲು ಬೈನೈಟ್ ಅನ್ನುವ ಇನ್ನೊಂದು ಜೋಡಣೆ ಹುಟ್ಟುತ್ತದೆ. ಅದೇ ಗಟ್ಟಿತನಕ್ಕೆ ಇದು ಜಾಸ್ತಿ ಜಗ್ಗುತ್ತದೆ, ತಿರುಚುವುದೂ ಕಡಿಮೆ. ದಪ್ಪ ತುಂಡುಗಳಿಗೆ ಮಾತ್ರ ಇದು ಆಗುವುದಿಲ್ಲ, ಉಪ್ಪು ಅಷ್ಟು ಬೇಗ ತಣಿಸಲಾರದು.

ಸಣ್ಣ ಸುರುಳಿಗಳಿಗೆ ಬಳಸುವ ಮ್ಯೂಸಿಕ್ ವೈರ್ ಕಥೆ ಇನ್ನೂ ಬೇರೆ. ಕಾದ ತಂತಿಯನ್ನು ಸುಮಾರು 500 ಡಿಗ್ರಿಯ ಕರಗಿದ ಸೀಸದಲ್ಲಿ ಹಾಯಿಸಿ ಬಹಳ ನವಿರಾದ ಪರ್ಲೈಟ್ ಮಾಡಿ, ಆಮೇಲೆ ತಣ್ಣಗೇ ಎಳೆದು ಸಣ್ಣ ಮಾಡುತ್ತಾರೆ. ಒಂದು ಮಿಲಿಮೀಟರ್ ತಂತಿ 2200 ಮೆಗಾಪಾಸ್ಕಲ್ ಆಸುಪಾಸಿನ ಬಲ ಮುಟ್ಟುತ್ತದೆ. ಸುರುಳಿ ಸುತ್ತಿದ ಮೇಲೆ 200ರಿಂದ 300 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಒತ್ತಡ ಇಳಿಸಿದರೆ ಸಾಕು. ಇಂಥ ತಂತಿಯನ್ನು ಕೆಂಪಗೆ ಕಾಯಿಸಿದರೆ ಎಳೆದು ಗಳಿಸಿದ್ದೆಲ್ಲ ಒಂದೇ ಕ್ಷಣದಲ್ಲಿ ಹೋಗುತ್ತದೆ.

ಮೇಲ್ಮೈ

ಬಾಗುವ ಪಟ್ಟಿಯಲ್ಲಿ ಅತಿ ಹೆಚ್ಚು ಒತ್ತಡ ಬೀಳುವುದು ಹೊರ ಮೈಯಲ್ಲಿ. ನಡುವಿನಲ್ಲಿ ಒತ್ತಡವೇ ಇಲ್ಲ. ತಿರುಚುವ ತಂತಿಯಲ್ಲೂ ಹಾಗೇ. ಅಂದರೆ ಸ್ಪ್ರಿಂಗ್‌ನ ಆಯಸ್ಸು ಮೇಲಿನ ಕೂದಲೆಳೆಯಷ್ಟು ಪದರದ ಕೈಯಲ್ಲಿದೆ. ಕುಲುಮೆಯ ಗಾಳಿ ಆ ಪದರವನ್ನೇ ಮೊದಲು ಹಾಳು ಮಾಡುತ್ತದೆ. ಕೆಂಪಗಿನ ಉಕ್ಕಿನ ಮೇಲ್ಮೈಯ ಕಾರ್ಬನ್ ಆಮ್ಲಜನಕದ ಜೊತೆ ಹೊರಟುಹೋಗುತ್ತದೆ. ಒಳಗೆ ಎಷ್ಟು ಚೆಂದದ ಹದ ಬಂದರೂ ಹೊರಗೆ ಮೆತ್ತಗಿನ ಚರ್ಮ ಉಳಿಯುತ್ತದೆ. ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಕೆಂಪಗೆ ಇಡಬಾರದು, ಆಮೇಲೆ ಆ ಚರ್ಮವನ್ನು ಉಜ್ಜಿ ತೆಗೆಯಬೇಕು. ಕಾರ್ಖಾನೆಗಳಲ್ಲಿ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಹೊಡೆಯುತ್ತಾರೆ. ಪ್ರತಿ ಪೆಟ್ಟೂ ಮೇಲ್ಮೈಯನ್ನು ಒತ್ತಿ ಅದುಮಿಡುವುದರಿಂದ ಬಿರುಕು ಬಾಯಿ ತೆರೆಯಲು ಕಷ್ಟವಾಗುತ್ತದೆ.

ತುಕ್ಕು ಹಿಡಿಯದಿರಲಿ ಎಂದು ಸತುವಿನ ಲೇಪ ಹಾಕಿಸುವವರು ಇನ್ನೊಂದನ್ನು ನೆನಪಿಡಬೇಕು. ಆಮ್ಲದಲ್ಲಿ ತೊಳೆದು ವಿದ್ಯುತ್ತಿನಿಂದ ಲೇಪ ಕೊಡುವಾಗ ಜಲಜನಕ ಉಕ್ಕಿನೊಳಗೆ ನುಸುಳುತ್ತದೆ. ಇಷ್ಟು ಗಟ್ಟಿ ಉಕ್ಕಿನಲ್ಲಿ ಅದು ದಿನಗಳ ನಂತರ, ಭಾರ ಹೊತ್ತು ಸುಮ್ಮನೆ ನಿಂತ ಸ್ಪ್ರಿಂಗನ್ನೇ ಮುರಿಯಬಲ್ಲದು. ಲೇಪ ಆದ ಕೂಡಲೇ ಸುಮಾರು 200 ಡಿಗ್ರಿಯಲ್ಲಿ ಹಲವು ಗಂಟೆ ಬೇಯಿಸಿ ಜಲಜನಕವನ್ನು ಹೊರಗೆ ಓಡಿಸುತ್ತಾರೆ.

ಸ್ಪ್ರಿಂಗ್ ಕೈಕೊಟ್ಟಾಗ ಅದೇ ತನ್ನ ಕಾರಣ ಹೇಳುತ್ತದೆ. ಮುರಿಯದೆ ಬಾಗಿ ಉಳಿದಿದ್ದರೆ ಒಂದೋ ಎಣ್ಣೆಯಲ್ಲಿ ಪೂರ್ತಿ ಗಟ್ಟಿಯಾಗಿಲ್ಲ, ಇಲ್ಲವೇ ಹದ ಜಾಸ್ತಿಯಾಗಿದೆ. ಮೊದಲ ಸಲವೇ ಪಟ್ ಎಂದು ಮುರಿದು ಒಳಗೆ ದಪ್ಪ ಹರಳು ಮಿಂಚಿದರೆ ಮೊದಲ ಬಿಸಿ ಅತಿಯಾಗಿದೆ. ಹರಳು ನವಿರಾಗಿದ್ದೂ ಮುರಿದರೆ ಹದ ಸಾಲದು, ಅಥವಾ ಆ ಕೆಟ್ಟ ಜಾಗದಲ್ಲಿ ನಿಂತಿದೆ. ಮುರಿದ ಮುಖದಲ್ಲಿ ಅಂಚಿನ ಒಂದು ಚುಕ್ಕೆಯಿಂದ ಹೊರಟು ಮರಳಿನ ಮೇಲೆ ಅಲೆ ಬಿಟ್ಟುಹೋದ ಗುರುತಿನಂಥ ಗೆರೆಗಳು ಹರಡಿದ್ದರೆ, ಅದು ಸಾವಿರಾರು ಸಲ ಬಾಗಿ ದಣಿದು ಮುರಿದದ್ದು. ಆಗ ಹದವನ್ನು ಬದಲಿಸುವ ಮೊದಲು ಆ ಚುಕ್ಕೆಯನ್ನು ಭೂತಕನ್ನಡಿಯಲ್ಲಿ ನೋಡಿ. ಬಹಳ ಸಲ ಅಲ್ಲಿ ಸಿಗುವುದು ಅಡ್ಡಕ್ಕೆ ಬಿದ್ದ ಒಂದು ಗ್ರೈಂಡರ್ ಗೀರು. ಮುಂದಿನ ಪಟ್ಟಿಯನ್ನು ಉದ್ದಕ್ಕೆ ಉಜ್ಜಿ ನಯ ಮಾಡಿ, ಅದೇ ಹದ ಕೊಡಿ.